ನಾಲ್ಕನೆಯ ಆಯ್ಕೆ

ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಂಡು ಪ್ರಶ್ನೆ ಕೇಳುವವರನ್ನು ನಂಬಬಾರದು ಎಂದು ತಕ್ಕಡಿಯಪ್ಪನವರು ಕ್ಷೌರದ ಕುರ್ಚಿಯಲ್ಲಿ ಕುಳಿತು, ಕೆನ್ನೆಯ ತುಂಬ ನೊರೆ ಇಟ್ಟುಕೊಂಡು ಘೋಷಿಸಿದರು. ಕತ್ತಿ ಗಂಟಲಿನ ಹತ್ತಿರ ಇರುವಾಗ ಘೋಷಣೆ ಮಾಡುವುದು ಜಾಣತನವಲ್ಲ. ಆದರೆ ಅಂಗಡಿಗಳ ತಕ್ಕಡಿಗಳನ್ನು ರಿಪೇರಿ ಮಾಡಿಕೊಂಡು ಬಂದ, ಅದರಿಂದಲೇ ಬೀದಿಯಲ್ಲಿ ಆ ಹೆಸರು ಪಡೆದ ಅವರು ನ್ಯಾಯದ ವಿಷಯ ಬಂದಾಗ ಗಂಟಲಿನ ಕ್ಷೇಮವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಸಂಗತಿ ಇಷ್ಟೇ. ಊರಿನ ಸುದ್ದಿಯನ್ನು ಫೋನಿನಲ್ಲಿ ಒದಗಿಸುವ ಪತ್ರಿಕೆಯೊಂದು ಓದುಗರ ಮತ ಕೇಳಿತ್ತು. ‘ಈ ಬೀದಿಯ ಬಸ್ ನಿಲ್ದಾಣವನ್ನು ಎಲ್ಲಿಗೆ ಸ್ಥಳಾಂತರಿಸಬೇಕು?’ ಕೆಳಗೆ ಮೂರು ಆಯ್ಕೆಗಳು: ಮಾರುಕಟ್ಟೆಯ ಮುಂದೆ, ಆಸ್ಪತ್ರೆಯ ಮುಂದೆ, ಹೊಸ ಚಿತ್ರಮಂದಿರದ ಮುಂದೆ. ಫಲಿತಾಂಶವನ್ನು ಬಸ್ ಕಚೇರಿಗೆ ಸಲ್ಲಿಸಲಾಗುವುದು ಎಂದು ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು.

"ಇಲ್ಲೇ ಇರಲಿ ಅನ್ನೋರು ಯಾವುದನ್ನ ಒತ್ತಬೇಕು?" ಎಂದರು ತಕ್ಕಡಿಯಪ್ಪನವರು.

"ಹಾಗನ್ನೋರು ಯಾರಿದಾರೆ ಸ್ವಾಮಿ?" ಎಂದ ಕ್ಷೌರಿಕ.

"ನಾನಿದೀನಿ."

"ನೀವು ಬಸ್ ಹತ್ತಿದ್ದನ್ನ ನಾನಂತೂ ನೋಡಿಲ್ಲ. ಅಲ್ಲಾಡಬೇಡಿ, ಕಿವಿ ಹೋಗುತ್ತೆ."

ಕ್ಷೌರಿಕನ ಮಾತು ನಿಜವಾಗಿತ್ತು. ತಕ್ಕಡಿಯಪ್ಪನವರಿಗೆ ಬಸ್ಸು ಬೇಕಾಗಿರಲಿಲ್ಲ; ಬಸ್ಸಿಗಾಗಿ ಕಾಯುವವರು ಬೇಕಾಗಿದ್ದರು. ನಿಲ್ದಾಣವಿದ್ದದ್ದು ಅವರ ಮನೆಯ ಕಿಟಕಿಗೆ ಎದುರಾಗಿ. ಆ ಕಿಟಕಿಯ ಒಳಗೆ ಗಾಲಿಕುರ್ಚಿಯಲ್ಲಿ ಅವರ ಹೆಂಡತಿ ಕುಳಿತಿರುತ್ತಿದ್ದರು. ಆಕೆ ಒಂದು ಕಾಲದಲ್ಲಿ ಇಡೀ ಬೀದಿಗೆ ಬಟ್ಟೆ ಹೊಲಿದುಕೊಟ್ಟವರು. ಮಶೀನು ನಿಂತರೂ ಮಾತು ನಿಲ್ಲಿಸದವರು. ಪಾರ್ಶ್ವವಾಯು ಬಡಿದ ಮೇಲೆ ಮಾತು ಹೋಯಿತು, ಮುಖ ಒಂದು ಕಡೆಗೆ ಜಾರಿತು, ಹೇಳಿದ ಮಾತು ಕೇಳುವ ಅಂಗವೆಂದು ಬಲಗೈಯ ತೋರುಬೆರಳೊಂದು ಉಳಿಯಿತು. ಜನರ ನಡುವೆ ಬದುಕಿದವಳು, ಜನರನ್ನು ನೋಡುತ್ತಿದ್ದರೆ ಹೊತ್ತು ಹೋಗುತ್ತದೆ ಎಂದು ಗಂಡ ತೀರ್ಮಾನಿಸಿದರು. ತೀರ್ಮಾನಿಸಿದ್ದನ್ನು ಮತ್ತೆ ತೂಗಿ ನೋಡುವ ಅಭ್ಯಾಸ ಅವರಿಗೆ ತಕ್ಕಡಿಗಳ ವಿಷಯದಲ್ಲಿ ಮಾತ್ರ ಇತ್ತು.

ಹೌದೆಂದರೆ ಕುರ್ಚಿಯ ಕೈಯ ಮೇಲೆ ಒಂದು ಸಲ, ಇಲ್ಲವೆಂದರೆ ಎರಡು ಸಲ ಬೆರಳು ತಟ್ಟಬೇಕೆಂದು ಮನೆಗೆ ಬರುವ ನರ್ಸಮ್ಮ ಆಕೆಗೆ ಕಲಿಸಿದ್ದಳು. ತಕ್ಕಡಿಯಪ್ಪನವರಿಗೂ ಹೇಳಿಕೊಟ್ಟಿದ್ದಳು. ಅವರು ದಿನವೂ ಬೆಳಗ್ಗೆ ಕುರ್ಚಿಯನ್ನು ಕಿಟಕಿಗೆ ತಳ್ಳಿ, ಸಕಲ ಮರ್ಯಾದೆಯೊಡನೆ ಕೇಳುತ್ತಿದ್ದರು:

"ಕಿಟಕಿ ಪೂರ್ತಿ ತೆಗೀಲಾ, ಅರ್ಧ ತೆಗೀಲಾ?"

ಟಕ್, ಟಕ್.

"ಎರಡನೆಯದು. ಸರಿ, ಅರ್ಧ" ಎಂದು ಅರ್ಧ ತೆಗೆಯುತ್ತಿದ್ದರು.

ಅನಂತರ ಹೆಂಡತಿಯ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದೆತ್ತಿ, ಕಾಯುತ್ತಿದ್ದವರ ಕಡೆಗೆ ತಾವೇ ಬೀಸುತ್ತಿದ್ದರು. ಕೆಲವರು ತಿರುಗಿ ಕೈಬೀಸುತ್ತಿದ್ದರು. ಕೆಲವರು ಅವಸರದಿಂದ ಫೋನಿನಲ್ಲಿ ಮುಖ ಹುದುಗಿಸುತ್ತಿದ್ದರು. ಒಮ್ಮೆ ಶಾಲೆಯ ಚೀಲ ಹೊತ್ತವನೊಬ್ಬ ತನ್ನ ಬಾಯಿಯನ್ನು ಬೆರಳಿನಿಂದ ಒಂದು ಕಡೆಗೆ ಎಳೆದು ತೋರಿಸಿದಾಗ, "ನೋಡಿದೆಯಾ, ಮಕ್ಕಳೂ ನಿನ್ನ ಜೊತೆ ಆಟಕ್ಕೆ ಬರ್ತಾವೆ" ಎಂದು ಅವರು ಹಿಗ್ಗಿದರು.

ನಿಲ್ದಾಣ ಹೋದರೆ ಈ ಕಿಟಕಿಯಲ್ಲಿ ಉಳಿಯುವುದು ಒಂದು ಕಂಬ ಮತ್ತು ಚರಂಡಿ. ಇದನ್ನು ಇದ್ದಂತೆಯೇ ಬರೆದಿದ್ದರೆ ಎರಡು ಸಾಲು ಸಾಕಾಗುತ್ತಿತ್ತು. ಆದರೆ ಮನೆಯ ಕಷ್ಟವನ್ನು ಬೀದಿಯಲ್ಲಿ ಹರಡುವುದು ಅವರಿಗೆ ಒಗ್ಗದ ಕೆಲಸ. ಅವರು ಪತ್ರಿಕೆಯ ಪ್ರಶ್ನೆಯ ಕೆಳಗೆ, ಎಲ್ಲರೂ ಓದುವ ಕಡೆ, ತತ್ವ ಬರೆದರು.

‘ಮಾನ್ಯರೇ, ನಿಮ್ಮ ಮೂರು ಆಯ್ಕೆಗಳ ಶೇಕಡಾವಾರು ಮೊತ್ತ ನೂರಾಗುತ್ತದೆ. ನಿಜ. ಆದರೆ ಒಂದು ತಟ್ಟೆಯನ್ನು ಕಿತ್ತಿಟ್ಟು ತೂಗಿದರೆ ಮುಳ್ಳು ಎಲ್ಲಿ ನಿಂತರೇನು? ಇಲ್ಲಿಯೇ ಇರಲಿ ಎಂಬ ನಾಲ್ಕನೆಯ ಆಯ್ಕೆ ಎಲ್ಲಿ?’

ಕಳುಹಿಸಿ ಫೋನನ್ನು ಕೆಳಗಿಡುವಷ್ಟರಲ್ಲಿ ಉತ್ತರ ಬಂತು. ‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ಅದನ್ನು ಗಮನಿಸಲಾಗಿದೆ.’ ಪಕ್ಕದಲ್ಲಿ ಹಳದಿ ಬಣ್ಣದ ದುಂಡು ಮುಖವೊಂದು ನಗುತ್ತಿತ್ತು.

ಇಷ್ಟು ಬೇಗ ಓದಿ, ಯೋಚಿಸಿ, ಗಮನಿಸಿ ಉತ್ತರ ಬರೆದ ಮನುಷ್ಯನ ಕಾರ್ಯದಕ್ಷತೆಗೆ ತಕ್ಕಡಿಯಪ್ಪನವರು ಮೊದಲು ಬೆರಗಾದರು. ಅನಂತರ ಮುಖವನ್ನು ನೋಡಿದರು. ಎರಡನೆಯ ಸಲ ನೋಡಿದಾಗ ಸಿಟ್ಟು ಬಂತು.

‘ಗಮನಿಸಿದವರು ಯಾರು? ಗಮನಿಸಿ ಏನು ಮಾಡಿದರು? ನಗುವಂಥದ್ದು ನಾನೇನು ಬರೆದಿದ್ದೆ?’

‘ತಾಂತ್ರಿಕ ದೋಷದಿಂದ ನಿಮಗೆ ತೊಂದರೆಯಾಗಿದ್ದಲ್ಲಿ ವಿಷಾದಿಸುತ್ತೇವೆ’ ಎಂದಿತು ಉತ್ತರ. ಮುಖ ನಗುತ್ತಲೇ ಇತ್ತು.

ಅಲ್ಲಿಂದ ಮುಂದೆ ಬಸ್ ನಿಲ್ದಾಣ ಹಿಂದಕ್ಕೆ ಸರಿಯಿತು. ತಕ್ಕಡಿಯಪ್ಪನವರ ವ್ಯಾಜ್ಯ ಈಗ ಉತ್ತರದ ಮೇಲೆ, ಉತ್ತರ ಕೊಟ್ಟ ರೀತಿಯ ಮೇಲೆ, ವಿಶೇಷವಾಗಿ ಆ ಹಳದಿ ಮುಖದ ಮೇಲೆ ನಡೆಯಿತು. ಆಕ್ಷೇಪಕ್ಕೆ ಉತ್ತರ, ಉತ್ತರಕ್ಕೆ ಆಕ್ಷೇಪ, ಆ ಆಕ್ಷೇಪಕ್ಕೆ ಮತ್ತೆ ಧನ್ಯವಾದ. ರಿಪೇರಿಗೆ ಬಂದ ತಕ್ಕಡಿಗಳು ಒಳಕೋಣೆಯಲ್ಲಿ ಒಂದರ ಮೇಲೊಂದು ಕುಳಿತವು. ತರಕಾರಿ ಅಂಗಡಿಯವಳು ಬಾಗಿಲಿಗೆ ಬಂದು, "ನನ್ನ ತಕ್ಕಡಿ ಕೊಟ್ಬಿಡಿ ಯಜಮಾನ್ರೇ, ನಾನು ಕೈಯಲ್ಲೇ ಅಂದಾಜು ಮಾಡಿ ಮಾರ್ತಾ ಇದೀನಿ, ಗಿರಾಕಿಗಳು ಜಗಳಕ್ಕೆ ಬರ್ತಾರೆ" ಎಂದಾಗ, "ನಿನ್ನ ದೂರನ್ನ ಗಮನಿಸಲಾಗಿದೆ ತಾಯಿ" ಎಂದು ಹೇಳಿ ಕಳುಹಿಸಿದರು. ತಾವು ಏನು ಹೇಳಿದೆವೆಂಬುದು ಅವರಿಗೆ ತಿಳಿಯಲಿಲ್ಲ.

ಕೊನೆಗೊಂದು ದಿನ ಕ್ಷೌರಿಕ ಬೀದಿ ದಾಟಿ ಓಡಿಬಂದ. "ಸ್ವಾಮೀ, ಗೆದ್ರಿ! ಓದುಗರ ಒತ್ತಾಯದ ಮೇರೆಗೆ ನಾಲ್ಕನೇ ಆಯ್ಕೆ ಸೇರಿಸಿದಾರೆ!"

ತಕ್ಕಡಿಯಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕನೆಯ ಆಯ್ಕೆ: ‘ಗೊತ್ತಿಲ್ಲ.’

ಅವರು ಅಂಗಿಯ ಗುಂಡಿಗಳನ್ನು ಕೊರಳಿನವರೆಗೂ ಹಾಕಿಕೊಂಡು ಪತ್ರಿಕೆಯ ಕಚೇರಿಗೆ ಹೊರಟರು. ಕಚೇರಿ ಚಪ್ಪಲಿ ಅಂಗಡಿಯ ಮಹಡಿಯ ಮೇಲಿತ್ತು. ಒಂದು ಮೇಜು, ಒಂದು ಕಂಪ್ಯೂಟರು, ಮೂಲೆಯಲ್ಲಿ ಕೆಟ್ಟ ಫ್ಯಾನು. ಸಂಪಾದಕಿ ಎಂದು ಎದ್ದು ನಿಂತವಳು ಅವರಿಗೆ ಮಗಳಾಗುವ ವಯಸ್ಸಿನವಳು. ಊಟದ ಡಬ್ಬಿಯ ಮುಚ್ಚಳ ಇನ್ನೂ ಕೈಯಲ್ಲಿತ್ತು.

"ಅಂಕಲ್, ನೀವೇನಾ ಅವರು?" ಎಂದು ಅವಳು ಸಂಭ್ರಮಪಟ್ಟಳು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಮ್ಮ ಕಾಮೆಂಟ್ ಓದೋಕೇ ಜನ ಬರ್ತಿದಾರೆ."

"ಆ ಹಳದಿ ಮುಖದವರನ್ನ ಕರೀರಿ. ಅವರ ಹತ್ರ ಮಾತಾಡಬೇಕು."

"ಯಾರು?"

"ನನಗೆ ಉತ್ತರ ಬರೀತಾ ಇರೋರು."

ಸಂಪಾದಕಿ ಮುಚ್ಚಳವನ್ನು ಡಬ್ಬಿಗೆ ಹಾಕಿದಳು. "ಅದು ತಾನಾಗೇ ಹೋಗುತ್ತೆ ಅಂಕಲ್. ಯಾರೂ ಬರೆಯೋದಿಲ್ಲ."

ಇಷ್ಟು ದಿನ ಯಾರೂ ಇಲ್ಲದ ಕಡೆಗೆ ನಿಂತು ವಾದಿಸಿದೆನೆಂಬುದನ್ನು ಅರಗಿಸಿಕೊಳ್ಳಲು ತಕ್ಕಡಿಯಪ್ಪನವರು ನೀರು ಕೇಳಿದರು. ಕುಡಿದರು. ಲೋಟವನ್ನು ಮೇಜಿನ ಸರಿಯಾಗಿ ನಡುವೆ ಇಟ್ಟರು.

"ಒಂದು ಮಾತು ಕೇಳ್ಲಾ?" ಎಂದಳು ಅವಳು, ಈಗ ಸ್ವಲ್ಪ ಮೆತ್ತಗೆ. "ಸ್ಟಾಪು ಅಲ್ಲೇ ಇರಬೇಕು ಅಂತ ನಿಮಗ್ಯಾಕೆ ಇಷ್ಟು?"

ಕಿಟಕಿ ಎಂಬ ಮಾತು ಅವರ ಬಾಯಿಯವರೆಗೆ ಬಂದಿತ್ತು. ಅದನ್ನು ನುಂಗಿ, "ತತ್ವದ ಪ್ರಶ್ನೆ" ಎಂದರು.

"ಸೂಪರ್ ಅಂಕಲ್. ಒಂದು ಫೋಟೋ" ಎಂದಳು.

ಮರುದಿನ ಆ ಫೋಟೋ ಊರಿನ ಎಲ್ಲ ಫೋನುಗಳಲ್ಲಿ ಬೆಳಗಿತು. ‘ತತ್ವದ’ ಎನ್ನುವಾಗ ತೆರೆದ ಬಾಯಿ ಹಾಗೆಯೇ ಉಳಿದಿತ್ತು. ಕೆಳಗೆ ಹೊಸ ಪ್ರಶ್ನೆ: ‘ಈ ಓದುಗರ ಆಕ್ಷೇಪ ಸರಿಯೇ?’ ಆಯ್ಕೆಗಳು ಎರಡೇ: ಸರಿ, ತಪ್ಪು. ಗೊತ್ತಿಲ್ಲ ಎನ್ನುವ ಅವಕಾಶವನ್ನು ಈ ಸಲ ಯಾರಿಗೂ ಕೊಟ್ಟಿರಲಿಲ್ಲ. ಹೊತ್ತು ಏರುವಷ್ಟರಲ್ಲಿ ‘ತಪ್ಪು’ ನೂರಕ್ಕೆ ನೂರಾಯಿತು. ಇಂಥ ಪೂರ್ಣಾಂಕ ಜೀವಮಾನದಲ್ಲಿ ಎಲ್ಲರಿಗೂ ಸಿಗುವುದಿಲ್ಲ.

"ನೀನೂ ಒತ್ತಿದೆಯಾ?" ಎಂದು ಅವರು ಕ್ಷೌರಿಕನನ್ನು ಕೇಳಿದರು.

ಅವನು ಕತ್ತರಿಯನ್ನು ಒರೆಸುತ್ತಾ ನಿಂತ. "ಮುಚ್ಚಿಟ್ಟು ಏನು ಮಾಡ್ಲಿ ಸ್ವಾಮಿ. ಬಸ್ಸಿಗೆ ಕಾಯೋರೆಲ್ಲ ನನ್ನ ಕನ್ನಡಿ ಮುಂದೆ ನಿಂತು, ನನ್ನ ಬಾಚಣಿಗೆಯಲ್ಲೇ ತಲೆ ಬಾಚಿಕೊಂಡು ಹೋಗ್ತಾರೆ. ಒಬ್ಬನಾದ್ರೂ ಕುರ್ಚಿ ಮೇಲೆ ಕೂತಿದ್ದುಂಟಾ? ಮನಸ್ಸು ತಡೀಲಿಲ್ಲ, ಒತ್ಬಿಟ್ಟೆ."

ತಕ್ಕಡಿಯಪ್ಪನವರು ತಮ್ಮ ಮತವನ್ನು ತಾವು ಹಾಕಿರಲಿಲ್ಲ. ತಕ್ಕಡಿಯನ್ನು ರಿಪೇರಿ ಮಾಡಿದವನೇ ಅದಕ್ಕೆ ಸರ್ಕಾರಿ ಮುದ್ರೆ ಒತ್ತುವಂತಿಲ್ಲ ಎಂಬುದು ಅವರ ಕಸುಬಿನ ಕಟ್ಟಳೆ. ಅದನ್ನು ಅವರು ಇಲ್ಲಿಗೂ ಅನ್ವಯಿಸಿದ್ದರು.

ಅವರು ಮನೆಗೆ ಮರಳುವಾಗ ಭಾವಮೈದುನ ಬಾಗಿಲಲ್ಲೇ ಕಾಯುತ್ತಿದ್ದ. ಬಸ್ ಕಚೇರಿಯಲ್ಲಿ ನಾಮಫಲಕಗಳ ವಿಭಾಗದ ಗುಮಾಸ್ತ. ಬಸ್ ಇಲಾಖೆಯ ಮಾನವನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡು ತಿರುಗುವವನು.

"ಭಾವ, ಏನಿದು? ಕಚೇರಿಯಲ್ಲಿ ತಲೆ ಎತ್ತೋ ಹಾಗಿಲ್ಲ. ಸಾಹೇಬರು ನಿಮ್ಮ ಫೋಟೋ ತೋರಿಸಿ, ಇವರ ಬಾಯಿ ಮುಚ್ಚಿಸೋಕೆ ನಿಮ್ಮ ಮನೇಲಿ ಯಾರೂ ಇಲ್ವಾ ಅಂತಾರೆ!"

"ನಾನು ಕೇಳ್ತಿರೋದು ನ್ಯಾಯ."

"ನ್ಯಾಯ ಅಂತೆ! ನಿಮ್ಮ ಕಡೆ ಒಬ್ಬರಾದ್ರೂ ಇದಾರಾ?"

"ನಿಮ್ಮಕ್ಕ ಇದಾಳೆ" ಎಂದರು ತಕ್ಕಡಿಯಪ್ಪನವರು.

"ಹಾಗಾದ್ರೆ ಅಕ್ಕನ ಕೈಲಿ ಒತ್ತಿಸಿ. ನೋಡೇಬಿಡೋಣ."

ಒಳಗೆ ಅರ್ಧ ತೆರೆದ ಕಿಟಕಿಯ ಮುಂದೆ ನರ್ಸಮ್ಮ ಆಕೆಯ ಕೂದಲು ಬಾಚುತ್ತಿದ್ದಳು. ಹೊರಗೆ ಎಂದಿನಂತೆ ಜನ ಕಾಯುತ್ತಿದ್ದರು. ತಕ್ಕಡಿಯಪ್ಪನವರು ಹೆಂಡತಿಯ ಮುಂದೆ ಮಂಡಿಯೂರಿ, ಫೋನನ್ನು ಆ ತೋರುಬೆರಳಿನ ಕೆಳಗೆ ಸಮನಾಗಿ, ಎಡಕ್ಕೂ ವಾಲದಂತೆ ಬಲಕ್ಕೂ ವಾಲದಂತೆ ಹಿಡಿದರು. ಒಬ್ಬ ಅಭ್ಯರ್ಥಿ ಮತದಾರರ ಮುಂದೆ ಇಷ್ಟು ನಿಷ್ಪಕ್ಷಪಾತವಾಗಿ ಮಂಡಿಯೂರಿದ್ದು ವಿರಳ.

"ಇದು ಸರಿ, ಇದು ತಪ್ಪು. ನಿನಗೆ ತೋಚಿದ್ದು ಒತ್ತು" ಎಂದರು.

ಬೆರಳು ‘ಸರಿ’ಯ ಮೇಲಿತ್ತು. ಅದು ಎದ್ದಿತು. ನಡುಗುತ್ತಾ ಗಾಜಿನ ಅಗಲವನ್ನು ದಾಟಿತು. ಅಷ್ಟು ದೂರ ಹೋಗಲು ಅದಕ್ಕೆ ಎಷ್ಟು ಶ್ರಮವಾಯಿತೆಂಬುದು ಆಕೆಯ ಹಣೆಯ ಮೇಲೆ ಕಾಣಿಸಿತು. ಒತ್ತಿತು.

‘ನಿಮ್ಮ ಮತ ದಾಖಲಾಗಿದೆ: ತಪ್ಪು.’

ಭಾವಮೈದುನ ನಗಲು ಬಾಯಿ ತೆರೆದು, ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

"ಬೆರಳು ಜಾರಿತು" ಎಂದರು ತಕ್ಕಡಿಯಪ್ಪನವರು. "ತಾಂತ್ರಿಕ ದೋಷ." ಈ ಪದವನ್ನು ಅವರು ಎಲ್ಲಿ ಕಲಿತರೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಅವರು ಮತ್ತೊಮ್ಮೆ ಬೆರಳನ್ನು ತಾವೇ ಹಿಡಿದು ‘ಸರಿ’ಯ ಮೇಲೆ ಒತ್ತಿಸಿದರು. ‘ನೀವು ಈಗಾಗಲೇ ಮತ ಹಾಕಿದ್ದೀರಿ. ಧನ್ಯವಾದಗಳು’ ಎಂದು ಹಳದಿ ಮುಖ ನಕ್ಕಿತು.

"ಇರಲಿ ಬಿಡು" ಎಂದು ಅವರು ಹೆಂಡತಿಯ ಕೈಯನ್ನು ಸವರಿದರು. "ನಿನ್ನ ಅಭಿಪ್ರಾಯ ನನಗೆ ಗೊತ್ತಿದೆ."

ನರ್ಸಮ್ಮನ ಬಾಚಣಿಗೆ ನಿಂತಿತು. "ಗೊತ್ತಿದೆಯಾ ಸಾರ್?"

ಅವಳು ಮುಂದೆ ಬಂದು ಆಕೆಯ ಮುಖಕ್ಕೆ ಮುಖ ಕೊಟ್ಟು ಕುಳಿತಳು.

"ಅಮ್ಮಾ, ಬೆರಳು ಜಾರಿತಾ?"

ಟಕ್, ಟಕ್.

"ಬಸ್‌ಸ್ಟಾಪು ಎದುರಿಗಿರೋದು ನಿಮಗೆ ಬೇಕಾ?"

ಟಕ್, ಟಕ್.

"ಎರಡು ಸಲ" ಎಂದರು ತಕ್ಕಡಿಯಪ್ಪನವರು ಅವಸರದಿಂದ. "ಎರಡು ಅಂದ್ರೆ ಎರಡನೆಯದು..."

"ಎರಡನೆಯದು ಅಂತ ನಾನು ಏನೂ ಕೇಳಿಲ್ಲ ಸಾರ್" ಎಂದಳು ನರ್ಸಮ್ಮ. "ಅಮ್ಮಾ, ಕಿಟಕಿ ಬೇಕಾ?"

ಟಕ್, ಟಕ್.

"ಜನ ನೋಡ್ತಾರೆ ಅಂತಲಾ?"

ಬೆರಳು ಒಂದು ಸಲ ತಟ್ಟಿತು. ಒಂದೇ ಸಲ.

ಹೊರಗೆ ಬಸ್ಸು ಬಂದು ನಿಂತಿತು. ಹತ್ತುವ ಮೊದಲು ಒಬ್ಬ ಹೆಂಗಸು ರೂಢಿಯಂತೆ ಕಿಟಕಿಯ ಕಡೆಗೆ ಕೈಬೀಸಿದಳು. ಒಳಗಿನ ಕೈಯನ್ನು ಇಂದು ಯಾರೂ ಎತ್ತಲಿಲ್ಲ. ತಕ್ಕಡಿಯಪ್ಪನವರ ಹೆಂಡತಿ ಮುಖವನ್ನು ತಿರುಗಿಸಲಾರದೆ ಕಣ್ಣು ಮುಚ್ಚಿಕೊಂಡರು. ಆಕೆಗೆ ಸಾಧ್ಯವಿದ್ದ ಪರದೆ ಅದೊಂದೇ.

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದರು ಗಂಡ. ಯಾರನ್ನು ಕೇಳಿದರೆಂಬುದು ಸ್ಪಷ್ಟವಾಗಲಿಲ್ಲ.

"ದಿನಾ ಹೇಳಿರ್ತಾರೆ ಸಾರ್."

ತಕ್ಕಡಿಯಪ್ಪನವರು ಅರ್ಧ ತೆರೆದ ಕಿಟಕಿಯನ್ನು ನೋಡಿದರು. "ದಿನಾ ಹೇಳಿದಾಳೆ" ಎಂದರು. "ದಿನಾ ಅರ್ಧ ತೆಗೆದೆ."

ಜಗಳಕ್ಕೆಂದು ಬಂದ ಭಾವಮೈದುನ ಚಪ್ಪಲಿ ಹುಡುಕಿಕೊಂಡು, ಹೇಳದೆಯೇ ಹೊರಟುಹೋದ. ನರ್ಸಮ್ಮನೂ ಜಡೆ ಮುಗಿಸಿ, ತನ್ನ ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ಒಮ್ಮೆ ನಿಂತು, "ಕೇಳೋವಾಗ ಒಂದೊಂದಾಗಿ ಕೇಳಿ ಸಾರ್" ಎಂದಷ್ಟೇ ಹೇಳಿದಳು.

ತಕ್ಕಡಿಯಪ್ಪನವರು ಕಿಟಕಿ ಮುಚ್ಚಿ ಪರದೆ ಎಳೆದರು. ಕೋಣೆ ಮಬ್ಬಾಯಿತು. ಹೆಂಡತಿಯ ಮುಂದೆ ನಿಂತು, "ಈಗ ಎಲ್ಲಿಗೆ ತಿರುಗಿಸಲಿ?" ಎಂದು ಕೇಳಿದರು. ಕೇಳಿದ ಮೇಲೆ, ಈ ಪ್ರಶ್ನೆಗೆ ಒಂದು ಬೆರಳಿನಿಂದ ಉತ್ತರ ಹೇಳಲು ಆಗುವುದಿಲ್ಲವೆಂಬುದು ತಿಳಿಯಿತು. ಉತ್ತರಗಳನ್ನು ಕಟ್ಟಿಕೊಟ್ಟರೆ ಅನ್ಯಾಯ, ಆಕೆಗೇ ಬಿಟ್ಟರೆ ಮೌನ. ಲೆಕ್ಕ ಬಲ್ಲವರು ಇಂಥ ಕಡೆ ಒಂದೇ ಕೆಲಸ ಮಾಡಬಲ್ಲರು: ಒಂದೊಂದನ್ನೂ ಹಾಕಿ ನೋಡುವುದು. ಅವರು ಕುರ್ಚಿಯ ಹಿಡಿಗಳನ್ನು ಹಿಡಿದು ಸ್ವಲ್ಪವೇ ತಿರುಗಿಸಿದರು.

"ಇಲ್ಲಿಗಾ? ಟೀವಿ ಕಾಣುತ್ತೆ."

ಟಕ್, ಟಕ್.

ಇನ್ನಷ್ಟು ತಿರುಗಿಸಿದರು. ಗೋಡೆಯ ಪಕ್ಕದಲ್ಲಿ ಬಟ್ಟೆ ಹೊದಿಸಿಟ್ಟ ಹೊಲಿಗೆ ಮಶೀನು. ಇಲ್ಲಿ ಅವರು ಬಹಳ ಹೊತ್ತು ನಿಂತರು. ಇದೇ ಉತ್ತರ ಎಂದು ಅವರಿಗೆ ಖಚಿತವಾಗಿತ್ತು; ಹೊದಿಕೆ ತೆಗೆದು, ಧೂಳನ್ನು ಕೈಯಿಂದ ಒರೆಸಿ, ತೋರಿಸಿದರು.

"ಇದೇ ತಾನೇ?"

ಟಕ್, ಟಕ್.

ಅಷ್ಟರಲ್ಲಿ ಪರದೆಯ ಆಚೆಯಿಂದ ಕ್ಷೌರಿಕನ ಕೂಗು ಕೇಳಿಸಿತು. "ತಕ್ಕಡಿಯಪ್ಪನೋರೇ! ಸ್ಟಾಪಿನ ಫಲಿತಾಂಶ ಬಂತು! ‘ಗೊತ್ತಿಲ್ಲ’ ಗೆದ್ದುಬಿಡ್ತು ಸ್ವಾಮಿ! ಜನಕ್ಕೇ ಗೊತ್ತಿಲ್ಲ ಅಂದ್ಮೇಲೆ ಇರೋ ಕಡೇನೇ ಇರಲಿ ಅಂತ ಕಚೇರಿಯೋರು ಹೇಳಿದ್ರಂತೆ! ನಿಮ್ಮ ನಾಲ್ಕನೇ ಆಯ್ಕೆ! ನೀವೇ ಗೆದ್ರಿ! ಅಯ್ಯೋ, ಪರದೆ ಯಾಕೆ ಹಾಕಿದೀರಿ?"

"ನಿಮ್ಮ ಅಮೂಲ್ಯ ಮಾಹಿತಿಗೆ ಧನ್ಯವಾದಗಳು" ಎಂದರು ತಕ್ಕಡಿಯಪ್ಪನವರು ಪರದೆಯ ಕಡೆಗೆ. "ಗಮನಿಸಲಾಗಿದೆ."

ಅವರು ಮಶೀನಿಗೆ ಹೊದಿಕೆ ಹೊದಿಸಿ, ಕುರ್ಚಿಯನ್ನು ಮತ್ತೆ ತಿರುಗಿಸಿದರು. ಈಗ ಅದರ ಎದುರಿಗೆ ಒಳಕೋಣೆಯ ಬಾಗಿಲು. ಬಾಗಿಲಿನಾಚೆ ಅವರ ಕೆಲಸದ ಮೇಜು, ಅದರ ಮೇಲೆ ಬಿಚ್ಚಿಟ್ಟ ತಟ್ಟೆಗಳು, ತೂಕದ ಕಲ್ಲುಗಳು, ಎಣ್ಣೆಯ ಬಟ್ಟೆ.

"ಇಲ್ಲಂತೂ ಏನೂ ಇಲ್ಲ" ಎಂದು ಹೇಳಿ, ಇನ್ನೂ ತಿರುಗಿಸಲು ಹೊರಟರು.

ಟಕ್.

ಎರಡನೆಯದಕ್ಕಾಗಿ ಅವರು ಕಾದರು. ಅದು ಬರಲಿಲ್ಲ.

ಅವರು ಒಳಕೋಣೆಗೆ ಹೋಗಿ, ತರಕಾರಿಯವಳ ತಕ್ಕಡಿಯನ್ನು ಮುಂದೆ ಎಳೆದುಕೊಂಡು, ಮದುವೆಯಾದಾಗಿನಿಂದ ಎಲ್ಲಿ ಕುಳಿತಿದ್ದರೋ ಅಲ್ಲಿ, ಬೆಳಕಿಗೆ ಎದುರಾಗಿ, ಬಾಗಿಲಿಗೆ ಬೆನ್ನು ಮಾಡಿ ಕುಳಿತರು. ಸ್ಕ್ರೂಡ್ರೈವರ್ ಎತ್ತಿಕೊಂಡರು.

ಟಕ್, ಟಕ್.

ತಿರುಗಿ ನೋಡಿದರು. ಆಕೆ ಅವರನ್ನೇ ನೋಡುತ್ತಿದ್ದರು. ತಕ್ಕಡಿಯಪ್ಪನವರು ಮೇಜನ್ನು ನೋಡಿದರು, ಬಾಗಿಲನ್ನು ನೋಡಿದರು, ತಾವು ಕುಳಿತ ಸ್ಟೂಲನ್ನು ನೋಡಿದರು. ಆಮೇಲೆ ಎದ್ದು, ಸ್ಟೂಲನ್ನು ಮೇಜಿನ ಆಚೆಯ ಬದಿಗೆ ಹೊತ್ತುಕೊಂಡು ಹೋಗಿ, ಬಾಗಿಲಿಗೆ ಮುಖ ಮಾಡಿ ಕುಳಿತರು. ಬೆಳಕು ಈಗ ಬೆನ್ನಿಗೆ ಬೀಳುತ್ತಿತ್ತು. ಅವರ ನೆರಳೇ ತಕ್ಕಡಿಯ ಮುಳ್ಳನ್ನು ಮುಚ್ಚಿ, ಅದು ಎಲ್ಲಿ ನಿಂತಿದೆಯೆಂಬುದು ಕಾಣುತ್ತಿರಲಿಲ್ಲ.

"ಇಲ್ಲಿ ಕೂತರೆ ಕೆಲಸ ಆಗಲ್ಲ ಕಣೇ" ಎಂದರು.

ಟಕ್.